ಅರ್ಧ ಮದುವೆ ದಳ್ಳಾಳಿ, ಅರ್ಧ ಟ್ರಾಫಿಕ್ ಪೊಲೀಸ್

ನನ್ನ ಅಣ್ಣನ ಮಗನಿಗೆ ಹದಿನೇಳು ವರ್ಷ, ಎರಡನೆಯ ಪಿಯುಸಿ. ಅವನ ಹತ್ತಿರ ಸ್ವಂತದ್ದೊಂದು ದೇವರಿದೆ. ಹೆಸರು ಋತಪ್ರಿಯ. ಜಗತ್ತು ದಾರಿ ತಪ್ಪದಂತೆ ಹಿಡಿದಿರುವ ಕ್ರಮಕ್ಕೆ ಋತ ಎನ್ನುತ್ತಾರೆ ಎಂದು ಸಂಸ್ಕೃತದ ಮೇಷ್ಟ್ರು ಹೇಳಿಕೊಟ್ಟ ದಿನವೇ ನಾಮಕರಣ ಆಯಿತಂತೆ. ಮನೆಯಲ್ಲಿ ಎಲ್ಲರೂ ಅದನ್ನು ಋತುಪ್ರಿಯ ಎಂದೇ ಓದುತ್ತೇವೆ. ಅವನು ಪ್ರತಿ ಸಲವೂ ಬೇಸರಿಸದೆ ತಿದ್ದುತ್ತಾನೆ.

ಇದು ಆಟದ ದೇವರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಕುಳಿತಲ್ಲೇ ಮಾತನಾಡುತ್ತಾರೆ, ಮುಂದೇನು ಎಂದು ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಈ ಬಗೆಯ ಆಟಗಳಿಗೆಲ್ಲ ಮೂಲವಂತೆ. ಅದರಲ್ಲಿ ಆರಾಕೊಕ್ರಾ ಎಂಬ ಹಕ್ಕಿಜನ ಮೊದಲೇ ಇದ್ದಾರೆ, ಅವರಿಗೊಬ್ಬ ದೇವತೆಯೂ ಇದ್ದಾಳೆ. ಆದರೆ ನಮ್ಮ ಹುಡುಗನಿಗೆ ಎರವಲು ದೇವರು ಬೇಡ. ಸಮುದ್ರದ ಕಡೆಗೆ ಮುಖ ಮಾಡಿದ ಕಡಿಬಂಡೆಗಳಲ್ಲಿ ವಾಸಿಸುವ ತನ್ನ ರೆಕ್ಕೆಯವರಿಗೆ ಅವನು ಒಲವು ಮತ್ತು ಕ್ರಮ ಎರಡನ್ನೂ ನೋಡಿಕೊಳ್ಳುವ ಒಬ್ಬನೇ ದೇವರನ್ನು ಕೊಟ್ಟ. ಯಾರಿಗೆ ಯಾರು ಜೋಡಿ ಎಂಬುದೂ ಅವನದೇ ತೀರ್ಮಾನ, ಯಾರ ಹಿಂದೆ ಯಾರು ಹಾರಬೇಕು ಎಂಬುದೂ ಅವನದೇ.

ಆಡುವ ಗೆಳೆಯರು ನಾಲ್ವರು. ಎರಡೇ ವಾರದಲ್ಲಿ ದಂಗೆ ಎದ್ದರು. ‘ಇದೆಂಥ ದೇವರು? ಅರ್ಧ ಮದುವೆ ದಳ್ಳಾಳಿ, ಅರ್ಧ ಟ್ರಾಫಿಕ್ ಪೊಲೀಸ್’ ಎಂದು ಒಬ್ಬ ಹೇಳಿದನಂತೆ. ಕಥೆಯೊಳಗೂ ಒಬ್ಬ ಬಂಡೆಯೊಡೆಯನ ತಂಗಿ ಬೇರೆ ಬಂಡೆಯವನ ಜೊತೆ ಹಾರಿಹೋಗಲು ಸಿದ್ಧಳಾಗಿ ಕುಳಿತಿದ್ದಳು. ದಸರಾ ರಜೆ ಮುಗಿಯುವುದರೊಳಗೆ ದೇವರನ್ನು ರಿಪೇರಿ ಮಾಡಬೇಕಿತ್ತು. ಹುಡುಗ ಊಟ ಬಿಟ್ಟು ನೋಟ್‌ಬುಕ್ ನೋಡುತ್ತ ಕುಳಿತಿದ್ದ. ನನಗೆ ನಾಲ್ಕು ದಿನ ರಜೆ ಬಾಕಿ ಇತ್ತು. ಶಿವಮೊಗ್ಗದಲ್ಲಿ ಕುಳಿತು ಇಬ್ಬರೂ ಕೊಳೆಯುವ ಬದಲು ಘಾಟಿ ಇಳಿಯೋಣ ಎಂದೆ.

ಮೊದಲ ದಿನ: ಆಗುಂಬೆ ಇಳಿದು ಉಡುಪಿಗೆ

ಆಗುಂಬೆ ಘಾಟಿಯಲ್ಲಿ ಓಡುವುದು ಮಿನಿ ಬಸ್ಸು. ತಿರುವುಗಳಲ್ಲಿ ದೊಡ್ಡ ಬಸ್ಸು ಹೊರಳುವುದಿಲ್ಲ. ತೀರ್ಥಹಳ್ಳಿಯಲ್ಲಿ ದೋಸೆ ತಿಂದದ್ದು ತಪ್ಪಾಯಿತು, ಅದರಲ್ಲೂ ಎರಡೆರಡು ತಿಂದದ್ದು. ಘಾಟಿಗೆ ಹದಿನಾಲ್ಕು ತಿರುವು. ತಲೆ ತಗ್ಗಿಸಿ ಬರೆಯಬೇಡ ಎಂದು ಮೂರನೆಯ ತಿರುವಿನಲ್ಲೇ ಹೇಳಿದ್ದೆ. ದೇವರ ಕೆಲಸ ನಡೆದಿತ್ತು, ಕೇಳಲಿಲ್ಲ. ಒಂಬತ್ತನೆಯ ತಿರುವಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಹಿಂದಿನ ಸೀಟಿನ ಅಜ್ಜಿ ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದು ಕೊಟ್ಟರು. ಆ ಗಂಟಿನಲ್ಲಿ ಅಂಥ ಹಣ್ಣು ಇನ್ನೂ ನಾಲ್ಕು ಕಂಡವು. ಘಾಟಿಯ ಹಳೆಯ ಪ್ರಯಾಣಿಕರು ಹೀಗೆಯೇ ಬರುತ್ತಾರೆ.

ಬೆಳಿಗ್ಗೆ ಮಳೆ ಬಿದ್ದು ಬಿಟ್ಟಿತ್ತು. ರಸ್ತೆಯ ಪಕ್ಕದ ಬಂಡೆಗಳಿಂದ ನೀರು ಇಳಿಯುತ್ತಿತ್ತು, ಕಣಿವೆಯಿಂದ ಮೋಡ ಮೇಲಕ್ಕೆ ಬರುತ್ತಿತ್ತು. ಸೋಮೇಶ್ವರದಲ್ಲಿ ಹುಡುಗನ ಮುಖದ ಬಣ್ಣ ನೋಡಿ ಇಳಿದುಬಿಟ್ಟೆವು, ಮುಂದಿನ ಬಸ್ಸಿಗೆ ಹೋದರಾಯಿತು ಎಂದು. ಗೂಡಂಗಡಿಯವರು ಪುನರ್ಪುಳಿ ಪಾನಕ ಮಾಡಿಕೊಟ್ಟರು. ಘಾಟಿಯ ಮೇಲೆ ನಾವು ಇದನ್ನೇ ಮುರುಗಲು ಎನ್ನುತ್ತೇವೆ. ಇಳಿದರೆ ಹೆಸರು ಬದಲಾಗುತ್ತದೆ, ಬಣ್ಣ ಅದೇ.

ಲೋಟ ಇನ್ನೂ ಖಾಲಿಯಾಗಿರಲಿಲ್ಲ, ತಲೆಯ ಮೇಲೆ ಸದ್ದಾಯಿತು. ಯಾರೋ ಒದ್ದೆ ಕಂಬಳಿಯನ್ನು ಗಾಳಿಯಲ್ಲಿ ಬೀಸಿದ ಹಾಗೆ, ಬಿಟ್ಟು ಬಿಟ್ಟು ನಾಲ್ಕೈದು ಸಲ. ಮಂಗಟ್ಟೆ ಹಕ್ಕಿ. ಒಂದು ದಾಟಿತು, ಅದರ ಹಿಂದೆ ಇನ್ನೊಂದು.

‘ಜೋಡಿ’ ಎಂದರು ಅಂಗಡಿಯವರು, ತಲೆ ಎತ್ತದೆ.

‘ನೋಡಲೇ ಇಲ್ಲವಲ್ಲ ನೀವು?’ ಎಂದ ಹುಡುಗ.

‘ಸದ್ದು ಎರಡು ಬಂತಲ್ಲ. ಮರಿ ಮಾಡುವಾಗ ಮಾತ್ರ ಒಂದೇ ಹಾರುವುದು. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಒಳಗಿನಿಂದ ಮೆತ್ತಿಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಬಿಟ್ಟಿರುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಒಂದು ದಿನ ಎರಡು ದಿನ ಅಲ್ಲ, ತಿಂಗಳುಗಟ್ಟಲೆ.’

‘ಗಂಡು ಬಾರದಿದ್ದರೆ?’

‘ಬರುತ್ತದೆ. ಬರಲಿಲ್ಲ ಎಂದರೆ ಯಾರೋ ಹೊಡೆದಿದ್ದಾರೆ ಎಂದು ಲೆಕ್ಕ.’

ಹುಡುಗ ಪಾನಕ ಕೆಳಗಿಟ್ಟು ನೋಟ್‌ಬುಕ್ ತೆಗೆದ. ಸೀಳು ಎಂದು ಬರೆದು ಅದರ ಸುತ್ತ ಎರಡು ಸುತ್ತು ಗೆರೆ ಎಳೆದ. ಅಂಗಡಿಯವರು ಒಂದು ಲೋಟದ ದುಡ್ಡು ಮಾತ್ರ ತೆಗೆದುಕೊಂಡರು. ವಾಂತಿ ಮಾಡಿದವರಿಗೆ ಪುಕ್ಕಟೆ ಎಂಬುದು ಅವರ ಕಾನೂನಂತೆ.

ಹೆಬ್ರಿ, ಪೆರ್ಡೂರು, ಮಣಿಪಾಲ ದಾಟಿ ಸಂಜೆಗೆ ಉಡುಪಿ. ರಥಬೀದಿಯ ಹತ್ತಿರ ಕೋಣೆ ಹಿಡಿದೆವು. ಫೋನಿನಲ್ಲಿ ಭರವಸೆ ಕೊಟ್ಟಿದ್ದ ಬಿಸಿನೀರು ನಲ್ಲಿಯಲ್ಲಿ ಬರಲಿಲ್ಲ, ಆ ಮಾತು ಬಿಡಿ. ಘಾಟಿಯಲ್ಲಿ ಹೊಟ್ಟೆ ಖಾಲಿ ಮಾಡಿಕೊಂಡವನು ಗೋಳಿಬಜೆ ಮೂರು ಪ್ಲೇಟು ತಿಂದ. ಒಳಗೆ ಹತ್ತಿಯಂತೆ ಬಿಡಿಸಿಕೊಳ್ಳುವ ಬಜೆಯನ್ನು ಕಾಯಿಚಟ್ನಿಯಲ್ಲಿ ಅದ್ದಿ, ಬಾಯಿ ಸುಟ್ಟುಕೊಂಡು, ಮತ್ತೆ ಅದ್ದಿ.

ಎರಡನೆಯ ದಿನ: ಸಟ್ಟುಗ ಮತ್ತು ದಾಳ

ಶ್ರೀಕೃಷ್ಣ ಮಠಕ್ಕೆ ಹೋಗುವುದಾದರೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಒಂಬತ್ತರ ಮೇಲೆ ಪ್ರವಾಸಿ ಬಸ್ಸುಗಳು ಬಂದವೆಂದರೆ ಸರದಿಯೇ ಒಂದು ಯಾತ್ರೆ. ಮೊದಲು ಕನಕನ ಕಿಂಡಿಯ ಮುಂದೆ ನಿಂತೆವು. ಒಳಗೆ ಬಿಡದಿದ್ದಾಗ ಕನಕದಾಸರು ಹೊರಗೆ ನಿಂತು ಹಾಡಿದರು, ಗೋಡೆ ಬಿರುಕು ಬಿಟ್ಟಿತು, ದೇವರು ಪಶ್ಚಿಮಕ್ಕೆ ತಿರುಗಿದ ಎಂಬ ಕಥೆಯನ್ನು ಇಲ್ಲಿ ಹೇಳದವರಿಲ್ಲ. ಹುಡುಗ ಪಾಠದಲ್ಲಿ ಓದಿದ್ದ. ಆದರೂ ಕಿಂಡಿಗೆ ಕಣ್ಣಿಟ್ಟವನು ತಿರುಗಿ ‘ಅತ್ತೆ, ಮಂಗಟ್ಟೆ’ ಎಂದ. ಹಿಂದೆ ನಿಂತಿದ್ದ ಹೆಂಗಸು ಎಲ್ಲಿ ಎಂದು ಆಕಾಶ ನೋಡಿದರು.

ಒಳಗೆ ಹೋಗಲು ಗಂಡಸರು ಅಂಗಿ ತೆಗೆಯಬೇಕು. ಹುಡುಗ ತನ್ನ ಪಕ್ಕೆಲುಬುಗಳನ್ನು ನೋಟ್‌ಬುಕ್ಕಿನಲ್ಲಿ ಮುಚ್ಚಿಕೊಂಡು ನಡೆದ. ಒಳಗೂ ನೇರ ದರ್ಶನವಿಲ್ಲ. ಒಂಬತ್ತು ತೂತಿನ ಬೆಳ್ಳಿಯ ಕಿಂಡಿಯಿಂದಲೇ ನೋಡಬೇಕು. ದೀಪದ ಹಳದಿ, ಅದರ ನಡುವೆ ಕಪ್ಪು ಮಗು, ಕೈಯಲ್ಲಿ ಕಡೆಗೋಲು. ಅಷ್ಟು ಕಾಣುವಷ್ಟರಲ್ಲಿ ಮುಂದೆ ಹೋಗಿ ಎಂದರು. ಅಕ್ಕಪಕ್ಕದ ಗುಡಿಗಳಲ್ಲಿ ಒಂದು ಬದಿ ಮುಖ್ಯಪ್ರಾಣ, ಇನ್ನೊಂದು ಬದಿ ಗರುಡ. ಮಾಧ್ವ ಯತಿ ವಾದಿರಾಜರು ಅಯೋಧ್ಯೆಯಿಂದ ತರಿಸಿದ ಮೂರ್ತಿಗಳು ಎಂಬ ಪ್ರತೀತಿ ಇದೆ. ರೆಕ್ಕೆಯವನ ಮುಂದೆ ನಮ್ಮವನು ಬಹಳ ಹೊತ್ತು ನಿಂತ. ನಮಸ್ಕಾರಕ್ಕಲ್ಲ, ರೆಕ್ಕೆ ಹೆಗಲಿನ ಯಾವ ಜಾಗಕ್ಕೆ ಕೂಡಿಕೊಂಡಿದೆ ಎಂದು ನೋಡಲಿಕ್ಕೆ.

ಆಮೇಲೆ ಗೊಣಗಿದ. ಪ್ರೇಮದ ದೇವರನ್ನು ನೋಡೋಣ ಎಂದು ಬಂದರೆ ಇಲ್ಲಿರುವುದು ಬೆಣ್ಣೆ ಕಡೆಯುವ ಮಗು. ಮಧ್ವ ಸರೋವರದ ಮೆಟ್ಟಿಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ ಇದು ಕೇಳಿಸಿತು. ಊರಿನವರೇ. ಮಳೆಗಾಲ ಬಿಟ್ಟರೆ ದಿನವೂ ಬಂದು ಕೂರುತ್ತಾರಂತೆ.

‘ಮಗು ಹೌದು. ಆದರೆ ಮೂರ್ತಿ ಮಾಡಿಸಿದ್ದು ಯಾರು, ಹೇಳು ನೋಡುವ? ರುಕ್ಮಿಣಿ. ದೇವಕಿಗೆ ಮಗನ ಬಾಲಲೀಲೆ ನೋಡುವ ಆಸೆಯಾಯಿತು, ಕೃಷ್ಣ ಮಗುವಾಗಿ ಮೊಸರು ಕಡೆದು ತೋರಿಸಿದ. ಅದನ್ನು ಕಂಡ ರುಕ್ಮಿಣಿ ವಿಶ್ವಕರ್ಮನಿಂದ ಹಾಗೆಯೇ ಮೂರ್ತಿ ಮಾಡಿಸಿ ಪೂಜೆಗಿಟ್ಟುಕೊಂಡಳು. ತಾನು ಮದುವೆಯಾಗುವ ಮೊದಲಿನ ಗಂಡ! ಅವಳಿಗೆ ಸಿಗದಿದ್ದ ವಯಸ್ಸು ಅದು. ಇದಕ್ಕಿಂತ ಪ್ರೇಮ ಇನ್ನೆಂಥದು ಬೇಕು ಮಾರಾಯ?’

ದ್ವಾರಕೆಯಿಂದ ಹೊರಟ ಹಡಗು, ಮಲ್ಪೆಯ ಕಡಲಿನ ಬಿರುಗಾಳಿ, ಬಟ್ಟೆ ಬೀಸಿ ದಡಕ್ಕೆ ಕರೆದ ಮಧ್ವಾಚಾರ್ಯರು, ಕೂಲಿಯ ಬದಲು ಕೇಳಿ ಪಡೆದ ಗೋಪೀಚಂದನದ ಹೆಂಟೆಯೊಳಗೆ ಸಿಕ್ಕ ಮೂರ್ತಿ, ಎಲ್ಲವನ್ನೂ ಅವರು ಎದುರಿಗೇ ನಡೆದಂತೆ ಹೇಳಿದರು. ನಾನು ಈ ಕಥೆಯನ್ನು ಹತ್ತಾರು ಸಲ ಕೇಳಿದ್ದೇನೆ. ‘ಅವಳಿಗೆ ಸಿಗದಿದ್ದ ವಯಸ್ಸು’ ಎಂಬುದನ್ನು ಕೇಳಿದ್ದು ಅದೇ ಮೊದಲು.

ಪಕ್ಕದಲ್ಲೇ ಸೌದೆಯ ರಥ ಏರುತ್ತಿತ್ತು. ಕೃಷ್ಣನ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದೇ ಪರ್ಯಾಯ. ಮುಂದಿನ ಪರ್ಯಾಯದ ಅಡುಗೆಗೆ ಬೇಕಾದ ಕಟ್ಟಿಗೆಯನ್ನು ತಿಂಗಳುಗಳ ಮೊದಲೇ ರಥದ ಆಕಾರಕ್ಕೆ ಒಟ್ಟುತ್ತಾರೆ. ದೂರದಿಂದ ನೋಡಿದರೆ ಮರದ ಕೆತ್ತನೆ. ಹತ್ತಿರ ಹೋದರೆ ಬರೀ ಸೌದೆಯ ತುದಿಗಳು, ಒಂದರ ಪಕ್ಕ ಒಂದು, ಸೀಳಿದ ಮುಖವೆಲ್ಲ ಹೊರಗೆ. ಒಂದು ಸೌದೆಯ ತೊಗಟೆಯ ಮೇಲೆ ಇರುವೆಗಳ ಸಾಲು ತಮ್ಮ ಪಾಡಿಗೆ ಹತ್ತಿ ಹೋಗುತ್ತಿತ್ತು. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ, ಹೀಗೆ ನಾಲ್ಕು ಮುಹೂರ್ತ ಕಳೆದ ಮೇಲೆ ಜನವರಿ 18ರ ನಸುಕಿನಲ್ಲಿ ಪರ್ಯಾಯ. ಎಂಟು ಮಠ, ತಲಾ ಎರಡು ವರ್ಷ. ಒಂದು ಮಠಕ್ಕೆ ಸರದಿ ಮರಳಿ ಬರಲು ಹದಿನಾರು ವರ್ಷ ಬೇಕು. ಮೊದಲು ಎರಡೆರಡೇ ತಿಂಗಳು ಇದ್ದದ್ದನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು.

‘ಅಧಿಕಾರ ಬಿಟ್ಟುಕೊಡುವಾಗ ಜಗಳ ಆಗುವುದಿಲ್ಲವೇ?’ ಎಂದು ಹುಡುಗ ಕೇಳಿಯೇಬಿಟ್ಟ. ನಾನು ಮೊಣಕೈಯಿಂದ ತಿವಿದೆ.

‘ಮನುಷ್ಯರಲ್ಲವಾ, ಭಿನ್ನಾಭಿಪ್ರಾಯ ಇದ್ದದ್ದೇ. ಆದರೆ ಕೃಷ್ಣನಿಗೆ ಹಸಿವಾಗುವ ಹೊತ್ತಿಗೆ ಅಡುಗೆ ಆಗಿರುತ್ತದೆ. ಏನು ಕೊಟ್ಟು ಅಧಿಕಾರ ಬಿಡುವುದು ಗೊತ್ತುಂಟಾ? ಗರ್ಭಗುಡಿಯ ಕೀಲಿಕೈ, ಅಕ್ಷಯಪಾತ್ರೆ, ಒಂದು ಸಟ್ಟುಗ.’

‘ಸಟ್ಟುಗ?’

‘ಬಡಿಸುವ ಸಟ್ಟುಗ.’

ಋತಪ್ರಿಯನ ಕೈಯಲ್ಲಿ ಅದುವರೆಗೆ ಮಿಂಚಿನ ಈಟಿ ಇತ್ತು. ಮಧ್ಯಾಹ್ನ ಭೋಜನಶಾಲೆಯಲ್ಲಿ ಪಂಕ್ತಿಗೆ ಕುಳಿತಾಗ ನೋಡುತ್ತೇನೆ, ಎಲೆಯ ಪಕ್ಕ ತೆರೆದಿಟ್ಟ ನೋಟ್‌ಬುಕ್ಕಿನಲ್ಲಿ ಈಟಿಯ ಮೇಲೆ ಗೀಟು ಬಿದ್ದಿದೆ. ಪುಟದ ಮೂಲೆಗೆ ಸಾರೂ ಬಿದ್ದಿದೆ. ಸಾರು ಚೆನ್ನಾಗಿತ್ತು. ಬಡಿಸುವವರು ಓಡಿಕೊಂಡೇ ಬಡಿಸುತ್ತಾರೆ. ಬೇಡ ಎನ್ನುವ ಮೊದಲು ಎಲೆಯ ಮೇಲೆ ಇರುತ್ತದೆ, ಬೇಕು ಎನ್ನುವ ಹೊತ್ತಿಗೆ ಮುಂದಿನ ಸಾಲಿನಲ್ಲಿರುತ್ತಾರೆ.

ಊಟ ಮುಗಿಸಿ ಮಲ್ಪೆ. ಸೇಂಟ್ ಮೇರಿ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ. ಮಳೆ ಹಿಂದೆ ಸರಿದ ಮೇಲೂ ಕಡಲು ಒಪ್ಪಿದ ದಿನ ಮಾತ್ರ. ದೋಣಿ ತುಂಬುವ ತನಕ ಹೊರಡುವುದಿಲ್ಲ, ಆದ್ದರಿಂದ ಒಬ್ಬಿಬ್ಬರೇ ಹೋಗುವವರು ದೊಡ್ಡ ಕುಟುಂಬವೊಂದರ ಬೆನ್ನು ಹಿಡಿಯುವುದು ಲೇಸು. ನಮಗೆ ದಾವಣಗೆರೆಯ ಹದಿನೆಂಟು ಜನರ ಗುಂಪು ಸಿಕ್ಕಿತು, ಅವರ ಅವಲಕ್ಕಿಯೂ ಸಿಕ್ಕಿತು.

ದ್ವೀಪದಲ್ಲಿ ಮನೆಯಿಲ್ಲ. ತೆಂಗಿನ ಮರಗಳು, ಚಿಪ್ಪಿನ ದಂಡೆ, ಮತ್ತು ಆ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತ ಕುಗ್ಗಿ, ಕುಗ್ಗುತ್ತ ಬಿರಿದು, ಹೀಗೆ ಕಂಬ ಕಂಬವಾಗಿ ನಿಂತಿದೆ. ಹೆಚ್ಚಿನವು ಆರು ಮೂಲೆಯವು. ಐದರವೂ ಏಳರವೂ ನಡುವೆ ಸೇರಿಕೊಂಡಿವೆ. ಕಂಬಗಳ ತಲೆಯ ಮೇಲೆ ನಡೆದರೆ ಯಾರೋ ಹಾಸುಗಲ್ಲು ಹಾಕಿಸಿದ ಅಂಗಳದಂತಿದೆ. ಬರಿಗಾಲಲ್ಲಿ ಇಳಿಯಬೇಡಿ, ಚಿಪ್ಪು ಕೊಯ್ಯುತ್ತದೆ. ನನ್ನ ಬಲಗಾಲಿನ ಹೆಬ್ಬೆರಳು ಸಾಕ್ಷಿ.

ಹುಡುಗನಿಗೆ ಇದೇ ರೆಕ್ಕೆಯವರ ಊರು ಎಂದು ಖಾತ್ರಿಯಾಗಿಹೋಯಿತು. ‘ಒಂದು ದಾಳ ಉರುಳಿಸುತ್ತೇನೆ ಅತ್ತೆ, ಇಪ್ಪತ್ತು ಬಿದ್ದರೆ ದೇವರು ಸರಿಯಾಗುತ್ತಾನೆ’ ಎಂದು ಜೇಬಿನಿಂದ ತೆಗೆದ. ನೀಲಿ ಗಾಜಿನಂಥದು, ಹುಟ್ಟುಹಬ್ಬಕ್ಕೆ ಗೆಳೆಯರು ಹಣ ಕೂಡಿಸಿ ಕೊಟ್ಟದ್ದು. ಅದು ಒಂದು ಕಂಬದ ತಲೆಯ ಮೇಲೆ ಎರಡು ಸಲ ಪುಟಿದು, ಮೂರನೆಯ ಸಲಕ್ಕೆ ಎರಡು ಕಂಬಗಳ ನಡುವಿನ ಬಿರುಕಿಗೆ ಇಳಿಯಿತು. ಟಣ್, ಟಣ್, ಮತ್ತೊಂದು ಸಣ್ಣ ಟಣ್. ಆಮೇಲೆ ಕೆಳಗೆ ನೀರು ನುಗ್ಗುವ ಸದ್ದು ಮಾತ್ರ. ಮೊಬೈಲಿನ ಬೆಳಕು ಬಿಟ್ಟು ನೋಡಿದೆವು. ದಾವಣಗೆರೆಯವರು ಛತ್ರಿಯ ಕಡ್ಡಿ ಹಾಕಿ ಕೆದಕಿದರು. ಪಶ್ಚಿಮದಲ್ಲಿ ಗುಡುಗು ಶುರುವಾಗಿತ್ತು, ದೋಣಿಯವರು ಸಿಳ್ಳೆ ಹಾಕುತ್ತಿದ್ದರು. ಎಷ್ಟು ಬಿದ್ದಿತ್ತೋ ಯಾರೂ ನೋಡಲಿಲ್ಲ.

ಮರಳುವಾಗ ಹುಡುಗ ಮಾತನಾಡಲಿಲ್ಲ. ಬಂದರಿನಲ್ಲಿ ಮೀನು ಇಳಿಸುತ್ತಿದ್ದರು. ಮೇಲೆ ಗರುಡಗಳು, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ, ಒಂದೂ ಇನ್ನೊಂದಕ್ಕೆ ತಾಗದೆ ಸುತ್ತುತ್ತಿದ್ದವು. ಬೇರೆ ದಿನವಾಗಿದ್ದರೆ ಅದೇ ಎರಡು ಪುಟ ಆಗುತ್ತಿತ್ತು. ರಾತ್ರಿ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದೆ. ತಳದ ಹಣ್ಣಿನ ತನಕ ತಿಂದ, ಮಾತು ಮಾತ್ರ ಬರಲಿಲ್ಲ.

ಮೂರನೆಯ ದಿನ: ಮಂಗಳೂರು

ಎಕ್ಸ್‌ಪ್ರೆಸ್ ಬಸ್ಸಿನ ನಿರ್ವಾಹಕನ ಸಿಳ್ಳೆಗೆ ಒಂದು ವ್ಯಾಕರಣವೇ ಇದೆ. ಎರಡು ದಿನ ಕೇಳಿದರೆ ನಿಮಗೂ ಬರುತ್ತದೆ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಕೂಳೂರಿನ ಸೇತುವೆ. ಮಂಗಳೂರಿನಲ್ಲಿ ಇಳಿದು ಸಜ್ಜಿಗೆ ಬಜಿಲ್ ತಿಂದೆವು. ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ ಸುರಿದು ಕೊಡುತ್ತಾರೆ. ಕೇಳಲು ವಿಚಿತ್ರ, ತಿಂದರೆ ಶಿವಮೊಗ್ಗದಲ್ಲಿ ಯಾಕೆ ಇಲ್ಲ ಎನಿಸುತ್ತದೆ.

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ಲಿಗೆ ಕರೆದುಕೊಂಡು ಹೋದದ್ದು ರೆಕ್ಕೆಗಾಗಿಯೇ. ಗೋಡೆ, ಕಮಾನು, ಛಾವಣಿ ಎಲ್ಲವೂ ಚಿತ್ರ. ಬಿಡಿಸಿದವರು ಇಟಲಿಯ ಬೆರ್ಗಾಮೊ ಕಡೆಯ ಜೆಸ್ಯೂಟ್ ಸೋದರ ಆಂಟೋನಿಯೋ ಮೊಸ್ಕೇನಿ. 1899ರಲ್ಲಿ ಇಲ್ಲಿಗೆ ಬಂದು ಎರಡು ವರ್ಷಕ್ಕೂ ಮೀರಿ ದುಡಿದು ಮುಗಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಗೋಡೆಯವು ಫ್ರೆಸ್ಕೊ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚಬೇಕು, ಗಾರೆ ಒಣಗುವುದರೊಳಗೆ ಮುಗಿಸಬೇಕು, ತಪ್ಪಿದರೆ ಗಾರೆ ಕೆರೆದು ಮೊದಲಿನಿಂದ. ಅಂದಂದಿಗೆ ಎಷ್ಟು ಆಗುತ್ತದೋ ಅಷ್ಟೇ ಗಾರೆ ಮೆತ್ತಿಕೊಳ್ಳುವುದು ಈ ಕಸುಬಿನ ಪದ್ಧತಿ. ಕತ್ತು ಮೇಲೆತ್ತಿ ನೋಡುವಾಗ ನನಗೆ ಕಂಡದ್ದು ದೇವದೂತರಿಗಿಂತ ಆ ಲೆಕ್ಕ. ಇವತ್ತಿನ ಗಾರೆಯಲ್ಲಿ ಒಂದು ಮುಖವೋ, ಬರೀ ಒಂದು ತೋಳೋ ಎಂದು ಬೆಳಿಗ್ಗೆಯೇ ತೀರ್ಮಾನಿಸಿ ಅಟ್ಟಣಿಗೆ ಹತ್ತಬೇಕಲ್ಲ!

ಒಳಗೆ ಫೋಟೊ ತೆಗೆಯುವಂತಿಲ್ಲ. ಒಳ್ಳೆಯದೇ ಆಯಿತು. ಹುಡುಗ ಹೊರಗಿನ ಮೆಟ್ಟಿಲಿನಲ್ಲಿ ಕುಳಿತು ನೆನಪಿನಿಂದ ರೆಕ್ಕೆ ಬಿಡಿಸಿದ, ಒಳಗೆ ಓಡಿ ನೋಡಿ ಬಂದ, ಅಳಿಸಿದ. ಮೂರನೆಯ ಓಟಕ್ಕೆ ಅಲ್ಲಿನ ಕಾವಲಿನವರು ‘ಏನು ಮರೆತುಹೋಯಿತು?’ ಎಂದು ಕೇಳಿದರು. ‘ಹೆಗಲು’ ಎಂದ. ದಾಳ ಹೋದ ಮೇಲೆ ಅವನು ಆಡಿದ ಮೊದಲ ಮಾತುಗಳಲ್ಲಿ ಅದೂ ಒಂದು.

ಮಧ್ಯಾಹ್ನ ಬಂಗುಡೆ, ಕೆಂಪು ಮಸಾಲೆಯಲ್ಲಿ ಹುರಿದದ್ದು. ನಾನು ಸಸ್ಯಾಹಾರಿ, ಪಕ್ಕದಲ್ಲಿ ನೀರುದೋಸೆ ತಿನ್ನುತ್ತ ಮುಳ್ಳು ಎಣಿಸಿದೆ. ಊಟದ ಮನೆಯ ಮಾಲೀಕರು ‘ವನಸ್ ಆಂಡಾ?’ ಎಂದು ಊಟ ಮಾಡುತ್ತಿರುವವರನ್ನೇ ಊಟವಾಯಿತೇ ಎಂದು ವಿಚಾರಿಸಿದರು. ನಾಳೆ ಎಲ್ಲಿ ಎಂದು ಮಾತು ಬೆಳೆಯಿತು. ರಾತ್ರಿ ಕದ್ರಿ ಕಡೆಯ ಸಭಾಂಗಣವೊಂದರಲ್ಲಿ ತಾಳಮದ್ದಳೆ ಉಂಟು, ರುಕ್ಮಿಣಿಯ ಕಲ್ಯಾಣ, ಹೋಗಿ ಎಂದರು. ಹುಡುಗ ರುಕ್ಮಿಣಿ ಎಂದದ್ದೇ ತಲೆ ಎತ್ತಿದ.

ಯಕ್ಷಗಾನ ಮೇಳಗಳು ದೀಪಾವಳಿಯ ಹೊತ್ತಿಗೆ ತಿರುಗಾಟ ಹೊರಡುತ್ತವೆ, ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಚೆಂಡೆ, ಮದ್ದಳೆ, ಮತ್ತು ಹೆಗಲ ಮೇಲೆ ಶಾಲು ಹೊದ್ದು ಎದುರು ಬದುರು ಕುಳಿತ ಅರ್ಥಧಾರಿಗಳು. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಆ ಪದ ಹಿಡಿದು ಪಾತ್ರವಾಗಿ ಮಾತನಾಡುತ್ತಾನೆ. ಮಾತು ಯಾವುದೂ ಬರೆದಿಟ್ಟದ್ದಲ್ಲ. ಅಲ್ಲೇ ಹುಟ್ಟಬೇಕು, ಎದುರಿನವನ ಮಾತಿಗೆ ಉತ್ತರವಾಗಿ. ಇದನ್ನು ನಾನು ಪಿಸುಮಾತಿನಲ್ಲಿ ವಿವರಿಸುತ್ತಿದ್ದೆ. ಹುಡುಗ ನನ್ನನ್ನು ದಿಟ್ಟಿಸಿ ನೋಡಿದ.

‘ಅತ್ತೆ, ಇದು ನಮ್ಮ ಆಟ.’

‘ದಾಳ ಇಲ್ಲವಲ್ಲ.’

‘ನನ್ನ ಹತ್ತಿರವೂ ಇಲ್ಲವಲ್ಲ ಈಗ.’

ಕುಂಡಿನಪುರ. ತಂಗಿಯನ್ನು ಶಿಶುಪಾಲನಿಗೆ ಕೊಡುವುದೆಂದು ರುಕ್ಮಿ ನಿಶ್ಚಯಿಸಿದ್ದಾನೆ. ಅವಳು ಬ್ರಾಹ್ಮಣನೊಬ್ಬನ ಕೈಯಲ್ಲಿ ದ್ವಾರಕೆಗೆ ಓಲೆ ಕಳಿಸಿದ್ದಾಳೆ. ಅಂದಿನ ರುಕ್ಮಿ ನಿವೃತ್ತ ಶಾಲಾ ಮೇಷ್ಟ್ರು, ಸಣ್ಣ ದೇಹ, ತೆಳು ಸ್ವರ. ಇವರೇನು ರುಕ್ಮಿಯಾದಾರು ಎಂದುಕೊಂಡೆ. ಬಾಯಿ ತೆರೆದರು, ಸಭೆ ಅವರದಾಯಿತು. ಮಂಟಪ ಸಿಂಗರಿಸಿದ್ದೇನೆ, ರಾಜರನ್ನು ಕರೆಸಿದ್ದೇನೆ, ಒಂದು ರಾಜ್ಯದ ಮಾತು ಇನ್ನೊಂದು ರಾಜ್ಯಕ್ಕೆ ಹೋಗಿದೆ. ಒಬ್ಬಳ ಒಲವಿಗಾಗಿ ಮಾತು ಮುರಿದರೆ ನಾಳೆ ಯಾರ ಮಾತನ್ನು ಯಾರು ನಂಬಬೇಕು ಎಂದು ಕೇಳಿದರು. ನನ್ನ ಪಕ್ಕದವರು ಹೌದು ಹೌದು ಎಂದು ತಲೆಯಾಡಿಸಿದರು. ಅವರಿಗೂ ಮಗಳಿರಬೇಕು. ಕೃಷ್ಣನ ಅರ್ಥ ಹೇಳುತ್ತಿದ್ದವರು ಹುಡುಗ ವಯಸ್ಸಿನವರು. ನೀನು ಕೊಟ್ಟ ಮಾತು ನಿನ್ನದು, ಅವಳು ಕಳಿಸಿದ ಮಾತು ಅವಳದು, ಮೊದಲು ಬಂದ ಓಲೆಗೆ ಮೊದಲು ಉತ್ತರ ಎಂಬುದೂ ಒಂದು ಕ್ರಮವೇ ಅಲ್ಲವೇ ಎಂದರು. ಸಭೆ ನಕ್ಕಿತು. ರುಕ್ಮಿ ನಗಲಿಲ್ಲ. ಓಲೆ ಬರೆಯುವ ಮೊದಲು ಅವಳು ನನ್ನನ್ನು ಕೇಳಿದ್ದಳೇ, ಬೇಡ, ನಾನು ಗೊತ್ತು ಮಾಡುವ ಮೊದಲು ಅವಳನ್ನು ಕೇಳಲಿಲ್ಲ, ಆ ತಪ್ಪು ನನ್ನದೇ ಇರಲಿ, ಒಂದು ತಪ್ಪಿಗೆ ಇನ್ನೊಂದು ತಪ್ಪು ಸಮವಾಗುವ ತಕ್ಕಡಿ ದ್ವಾರಕೆಯಲ್ಲಿ ಮಾತ್ರ ಇರಬೇಕು ಎಂದರು. ಕೃಷ್ಣ ಅರೆಗಳಿಗೆ ತಡವರಿಸಿದ. ಕಂಡಿತು, ಎಲ್ಲರಿಗೂ ಕಂಡಿತು. ಭಾಗವತರೂ ಕಂಡರು. ಮುಂದಿನ ಪದ ಎತ್ತಿಕೊಂಡರು, ಯುದ್ಧದ ಪದ, ಚೆಂಡೆ ಮೊಳಗಿತು.

ಮುಗಿಯುವಾಗ ಹನ್ನೊಂದೂವರೆ. ಹೊರಗೆ ಮಳೆ, ಮಾಡಿನ ಕೆಳಗೆ ಎಲ್ಲರಿಗೂ ಚಾ. ರುಕ್ಮಿ ಮೇಷ್ಟ್ರು ಶಾಲು ಮಡಚುತ್ತಿದ್ದರು. ಹುಡುಗ ನೆಟ್ಟಗೆ ಅವರ ಮುಂದೆ ಹೋಗಿ ನಿಂತ.

‘ಸರ್, ವಾದದಲ್ಲಿ ನೀವು ಗೆದ್ದಿರಿ.’

‘ಗೆದ್ದೆನಾ? ಇರಬಹುದು.’

‘ಹಾಗಾದರೆ ರುಕ್ಮಿಣಿಯನ್ನು ಬಿಟ್ಟುಕೊಡಬೇಕಿರಲಿಲ್ಲವಲ್ಲ?’

‘ಅದು ಹೇಗೆ ಮಾರಾಯ? ಪ್ರಸಂಗ ನನ್ನದಲ್ಲ. ನಾನು ಎಷ್ಟು ಬೇಕಾದರೂ ಗೆಲ್ಲಬಹುದು, ಕೃಷ್ಣ ಎಷ್ಟು ಬೇಕಾದರೂ ಸೋಲಬಹುದು. ಆದರೆ ಅವಳು ರಥ ಹತ್ತಲೇಬೇಕು, ನನ್ನ ಅರ್ಧ ಮೀಸೆ ಬೋಳಿಸಲೇಬೇಕು.’

‘ಕೊಲ್ಲುವುದಿಲ್ಲವೇ?’

‘ಕತ್ತಿ ಎತ್ತಿಯೇ ಇದ್ದ. ಅಣ್ಣನನ್ನು ಕೊಲ್ಲಬೇಡ ಎಂದು ಅವಳು ಕಾಲು ಹಿಡಿದಳು. ಅದಕ್ಕೆ ಮೀಸೆಗೆ ಇಳಿಯಿತು. ಅದಕ್ಕೂ ಬಲರಾಮ ಬೈದ, ನೆಂಟನಿಗೆ ಹೀಗೆ ಮಾಡುವುದಾ ಎಂದು.’ ಮೇಷ್ಟ್ರು ಚಾ ಊದಿಕೊಂಡರು. ‘ಮತ್ತೆ ರುಕ್ಮಿ ಊರಿಗೆ ಹೋಗಲಿಲ್ಲ, ಗೊತ್ತುಂಟಾ? ಕೃಷ್ಣನನ್ನು ಕೊಂದು ತಂಗಿಯನ್ನು ತರದೆ ಕುಂಡಿನಪುರಕ್ಕೆ ಕಾಲಿಡುವುದಿಲ್ಲ ಎಂದು ಹೊರಟವನು. ಅರ್ಧ ಮೀಸೆಯಲ್ಲಿ ಅಲ್ಲೇ ಭೋಜಕಟ ಎಂಬ ಊರು ಕಟ್ಟಿಕೊಂಡು ಉಳಿದ. ಕ್ರಮ ಕ್ರಮ ಎಂದು ಬಾಯಿಬಡಿದುಕೊಂಡವನು ತನ್ನ ಮಾತಿಗೆ ತಪ್ಪಲಿಲ್ಲ. ಅದಕ್ಕೇ ನನಗೆ ಈ ಪಾತ್ರ ಇಷ್ಟ.’

ನೋಟ್‌ಬುಕ್ಕಿನಲ್ಲಿ ಏನು ಎಂದು ಕೇಳಿದರು. ಹುಡುಗ ದೇವರನ್ನು ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ಎರಡು ಪುಟ ಓದಿ, ‘ಋತಪ್ರಿಯ, ಹೆಸರು ಲಾಯ್ಕ ಉಂಟು’ ಎಂದರು. ಸರಿಯಾಗಿ ಓದಿದ ಮೊದಲ ಮನುಷ್ಯ. ಆಮೇಲೆ ಒಂದೇ ಒಂದು ತಕರಾರು ತೆಗೆದರು. ‘ಇಲ್ಲಿ ಎಲ್ಲರ ಮಾತನ್ನೂ ದೇವರೇ ಆಡುತ್ತಾನಲ್ಲ? ಭಾಗವತ ಪದ ಹೇಳಬೇಕು, ಅರ್ಥ ಹೇಳಬಾರದು. ಅರ್ಥ ನಮಗೆ ಬಿಡಬೇಕು.’

ನಾಲ್ಕನೆಯ ದಿನ: ಘಾಟಿ ಹತ್ತಿ

ಬೆಳಿಗ್ಗೆ ಬನ್ಸ್ ಕಟ್ಟಿಸಿಕೊಂಡು ಉಡುಪಿಯ ಬಸ್ಸು, ಅಲ್ಲಿಂದ ಮಿನಿ ಬಸ್ಸು. ಸೋಮೇಶ್ವರದ ಗೂಡಂಗಡಿಗೆ ಬಾಗಿಲು ಹಾಕಿತ್ತು. ಹತ್ತುವಾಗ ತಿರುವಿನ ಬಾಧೆ ಕಡಿಮೆ. ಆದರೂ ಎರಡು ನಿಂಬೆಹಣ್ಣು ಇಟ್ಟುಕೊಂಡಿದ್ದೆ. ಹುಡುಗ ಈ ಸಲ ಬರೆಯಲಿಲ್ಲ, ಕಿಟಕಿಗೆ ಹಣೆಯಿಟ್ಟು ಏನೋ ಗುನುಗುತ್ತಿದ್ದ. ಕಿವಿಗೊಟ್ಟೆ, ರಾತ್ರಿಯ ಯುದ್ಧದ ಪದದ ತಾಳ. ಬೆರಳಿನಲ್ಲಿ ಕಂಬಿಯ ಮೇಲೆ ಚೆಂಡೆ.

ಆ ಭಾನುವಾರ ನಮ್ಮ ಮನೆಯ ಹಜಾರದಲ್ಲಿ ಆಟ ನಡೆಯಿತು. ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತ ಅಡುಗೆಮನೆಯಿಂದಲೇ ಕೇಳಿಸಿಕೊಂಡೆ. ಹೊಸ ದಾಳ ತಂದಿರಲಿಲ್ಲ. ಬಂಡೆಯೊಡೆಯನ ಪಾತ್ರದ ಹುಡುಗ ಮುಕ್ಕಾಲು ಗಂಟೆ ವಾದ ಮಾಡಿದ, ಗಂಟಲು ಒಡೆಯುವ ಹಾಗೆ. ಋತಪ್ರಿಯ ನಡುವೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಗೆದ್ದದ್ದು ಬಂಡೆಯೊಡೆಯನೇ ಎಂದು ನಾಲ್ವರೂ ಒಪ್ಪಿದರು. ತಂಗಿ ಹಾರಿಹೋದಳು. ಇವನಿಗೆ ಎಡ ರೆಕ್ಕೆಯ ಗರಿಗಳನ್ನು ಮಾತ್ರ ಕತ್ತರಿಸಿದರಂತೆ.

‘ಯಾವ ನ್ಯಾಯ ಇದು? ಗೆದ್ದವನು ನಾನು!’ ಎಂದು ಅವನು ಕೂಗುತ್ತಿದ್ದ. ನಾನು ಸಟ್ಟುಗ ಹಿಡಿದು ಹಜಾರಕ್ಕೆ ಹೋದೆ. ಅವನ ತಟ್ಟೆಗೆ ಒಂದು ಸಟ್ಟುಗ ಜಾಸ್ತಿ ಬಡಿಸಿದೆ.